ಮನೆಯೊಳಗಿನ ಸೆಕೆಂಡ್ ಶೋ

— ಏನೇ ಇದು, ಕಣ್ಣೆಲ್ಲ ಕೆಂಪಗಿದೆ? ಗಂಡ ಊರಲ್ಲಿಲ್ಲ ಅಂತ ನಿದ್ದೆ ಹತ್ತಲಿಲ್ವಾ?

— ನಿದ್ದೆ ಬಂದಿತ್ತು ಅಕ್ಕಾ, ನಾನೇ ಮಾಡಲಿಲ್ಲ. ಸಿನಿಮಾ ನೋಡ್ತಾ ಕೂತಿದ್ದೆ. ಮುಗಿಯೋ ಹೊತ್ತಿಗೆ ಒಂದು ಗಂಟೆ ದಾಟಿತ್ತು.

— ಭೇಷ್! ಅವರು ಪುಣೆಯಲ್ಲಿ ಟ್ರೈನಿಂಗು ಅಂತ ಗೆಸ್ಟ್‌ಹೌಸಿನ ಒಣ ಚಪಾತಿ ತಿಂತಿದ್ರೆ, ಇಲ್ಲಿ ನಿನ್ನದು ದಿನಾ ಸೆಕೆಂಡ್ ಶೋ.

— ತಮಾಷೆ ಮಾಡಿ, ಪರವಾಗಿಲ್ಲ. ಫೋನಿನಲ್ಲಿ ಅವರು "ಬೇಜಾರಾಗ್ತಿದ್ಯಾ?" ಅಂತಾರೆ. "ಹೂಂ" ಅಂತೀನಿ. ಸುಳ್ಳೇನಲ್ಲ. ಬೆಳಗ್ಗೆ ಒಂದೇ ಲೋಟ ಕಾಫಿ ಬೆರೆಸುವಾಗ ಬೇಜಾರೇ. ಆದ್ರೆ ರಾತ್ರಿ ಊಟ ಮುಗಿಸಿ, ಚಿಲಕ ಹಾಕಿ, ದೀಪ ಆರಿಸಿ ಟಿವಿ ಮುಂದೆ ಕೂತೆ ಅಂದ್ರೆ ಖುಷಿ. ಅದನ್ನ ಬಾಯಿಬಿಟ್ಟು ಹೇಳೋಕೆ ಮಾತ್ರ ಸಂಕೋಚ.

— ಸಂಕೋಚ ಯಾಕೆ? ಹೆಂಡತಿ ತವರಿಗೆ ಹೋದಳು, ಅನ್ನ ಸೀದು ಹೋಯ್ತು, ಸ್ನೇಹಿತರು ಬಂದ್ರು, ಇಸ್ಪೀಟು ಶುರುವಾಯ್ತು ಅಂತ ನಮ್ಮ ಗಂಡಸರು ಬರೆದಿರೋ ಹರಟೆಗಳನ್ನ ಸೇರಿಸಿದ್ರೆ ಒಂದು ಬೀರು ತುಂಬುತ್ತೆ. ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಹಾಲಿವುಡ್ಡಿನವರೂ ಬಿಟ್ಟಿಲ್ಲ. 1955ರ 'ದ ಸೆವೆನ್ ಇಯರ್ ಇಚ್' ನೋಡಿದ್ಯಾ?

— ಮರ್ಲಿನ್ ಮನ್ರೋ ಬಿಳಿ ಫ್ರಾಕು ಗಾಳಿಗೆ ಹಾರುತ್ತಲ್ಲ, ಅದೇ ತಾನೆ? ಆ ಫೋಟೋ ಬಿಟ್ಟರೆ ಬೇರೇನೂ ಗೊತ್ತಿಲ್ಲ.

— ಫೋಟೋ ಎಲ್ಲರಿಗೂ ಗೊತ್ತು, ಕಥೆ ಯಾರಿಗೂ ಗೊತ್ತಿಲ್ಲ. ನ್ಯೂಯಾರ್ಕಿನ ಬೇಸಿಗೆ. ಸೆಖೆಗೆ ಹೆದರಿ ಹೆಂಡತಿಯನ್ನೂ ಮಗನನ್ನೂ ಮೇನ್ ಪ್ರಾಂತಕ್ಕೆ ಕಳಿಸಿ ಗಂಡ ಒಬ್ಬನೇ ಮನೇಲಿ ಉಳೀತಾನೆ. ಮೇಲಿನ ಮನೆಗೆ ಮನ್ರೋ ಬರ್ತಾಳೆ. ಆಮೇಲೆ ನಡೆಯೋದರಲ್ಲಿ ಮುಕ್ಕಾಲು ಪಾಲು ಅವನ ತಲೆಯೊಳಗೇ ನಡೆಯುತ್ತೆ. ಮೂಲ ನಾಟಕದಲ್ಲಿ ಆತ ನಿಜವಾಗ್ಲೂ ದಾರಿ ತಪ್ತಾನೆ. ಆಗಿನ ಅಮೆರಿಕದ ಸಿನಿಮಾ ನೀತಿಸಂಹಿತೆ ಅದಕ್ಕೆ ಒಪ್ಪಲಿಲ್ಲ. ಹಾಗಾಗಿ ನಿರ್ದೇಶಕ ಬಿಲ್ಲಿ ವೈಲ್ಡರ್ ಎಲ್ಲವನ್ನೂ ಹಗಲುಗನಸಿನಲ್ಲೇ ಮುಗಿಸಬೇಕಾಯ್ತು.

— ಗಂಡ ಹೋಗಿ ಹೆಂಡತಿ ಒಬ್ಬಳೇ ಉಳಿದಿದ್ರೆ ಅದು ಕಾಮಿಡಿ ಆಗ್ತಿತ್ತಾ?

— ಆಗ್ತಿರಲಿಲ್ಲ. ಅದೇ ನಾನು ಹೇಳ್ತಿರೋದು. ನಮ್ಮ ಸಿನಿಮಾಗಳಲ್ಲಿ ಗಂಡ ಊರಿಗೆ ಹೋದ ಅಂದ್ರೆ ಹೆಂಡತಿಗೆ ಎರಡೇ ಕೆಲಸ. ಒಂದು, ಬಾಗಿಲಲ್ಲಿ ನಿಂತು ಅಂಚೆಯವನನ್ನ ಕಾಯೋದು. ಇನ್ನೊಂದು, ಹೊಸದಾಗಿ ಬಂದ ವಿಲನ್ ಕೈಗೆ ಸಿಗದೆ ಓಡೋದು. ಅವಳು ಕಾಲು ಚಾಚಿ ಕೂತು ತನಗೆ ಬೇಕಾದ್ದನ್ನ ನೋಡ್ತಾಳೆ, ಓದ್ತಾಳೆ ಅನ್ನೋದನ್ನ ತೋರಿಸೋಕೆ ಯಾರಿಗೂ ಪುರಸೊತ್ತಿರಲಿಲ್ಲ. ಸತ್ಯಜಿತ್ ರಾಯ್ ಒಬ್ಬರು ತೋರಿಸಿದ್ರು, 'ಚಾರುಲತಾ'ದಲ್ಲಿ. 1964.

— ಹೆಸರು ಕೇಳಿದೀನಿ, ನೋಡಿಲ್ಲ.

— ಶುರುವಿನ ಹತ್ತು ನಿಮಿಷ ನೋಡು ಸಾಕು. ಕಲ್ಕತ್ತದ ದೊಡ್ಡ ಮನೆ, ಮಧ್ಯಾಹ್ನ, ಚಾರು ಒಬ್ಬಳೇ. ಗಂಡ ಪತ್ರಿಕೆ ನಡೆಸೋ ದೊಡ್ಡ ಮನುಷ್ಯ, ಅದೇ ಮನೇಲೇ ಇದ್ದಾನೆ, ಆದ್ರೆ ಇದ್ದೂ ಇಲ್ಲ. ಅವಳ ಕೈಯಲ್ಲಿ ಹಿಡಿ ಇರೋ ಒಂದು ಪುಟ್ಟ ದುರ್ಬೀನು. ಕಿಟಕಿಯ ಪಟ್ಟಿಗಳ ನಡುವಿಂದ ಬೀದಿ ನೋಡ್ತಾಳೆ, ಈ ಕಿಟಕಿಯಿಂದ ಆ ಕಿಟಕಿಗೆ ಓಡ್ತಾಳೆ. ಗಂಡ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಪಡಸಾಲೆಯಲ್ಲಿ ಅವಳ ಪಕ್ಕದಲ್ಲೇ ಹಾದುಹೋಗ್ತಾನೆ, ಕತ್ತೆತ್ತಿ ನೋಡೋದಿಲ್ಲ. ಅವಳು ದುರ್ಬೀನು ಎತ್ತಿ, ದೂರ ಹೋಗ್ತಿರೋ ಅವನ ಬೆನ್ನನ್ನ ಅದರಲ್ಲಿ ನೋಡ್ತಾಳೆ. ಮಾತೇ ಇಲ್ಲ. ಮಾಧವಿ ಮುಖರ್ಜಿ ಆ ಒಂದು ನೋಟದಲ್ಲಿ ಇಡೀ ದಾಂಪತ್ಯ ಹೇಳಿಬಿಡ್ತಾರೆ. ಬೆಂಗಳೂರಿನಲ್ಲಿದ್ದಾಗ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ನೋಡಿದ್ದು. ನನ್ನ ಪಕ್ಕದಲ್ಲಿ ಕೂತಿದ್ದ ಗಂಡಸು ಆ ಹೊತ್ತಿಗೆ ಸಣ್ಣಗೆ ಗೊರಕೆ ಹೊಡೀತಿದ್ದ.

— ಅಯ್ಯೋ! ಯಾರು?

— ನಮ್ಮನೆಯವರೇ ಕಣೇ, ಇನ್ಯಾರು. ಅದಿರಲಿ, ನಿನ್ನೆ ರಾತ್ರಿ ನೀನು ನೋಡಿದ್ದು ಏನು?

— 'ಇನ್ ದ ಮೂಡ್ ಫಾರ್ ಲವ್'.

— ವಾಂಗ್ ಕಾರ್ ವಾಯ್ ಅವರದು! ಗಂಡ ಊರಲ್ಲಿಲ್ಲದಾಗ ನೋಡೋಕೆ ಅದೇ ಸಿಕ್ಕಿತಾ?

— ಗೊತ್ತಿದ್ದು ಹಾಕಿದ್ದಲ್ಲ ಅಕ್ಕಾ. ಪೋಸ್ಟರಿನ ಕೆಂಪು ಬಣ್ಣ ನೋಡಿ ಹಾಕಿದೆ. 1962ರ ಹಾಂಗ್‌ಕಾಂಗ್, ಅಕ್ಕಪಕ್ಕದ ಎರಡು ಬಾಡಿಗೆ ಕೋಣೆ. ಒಂದು ಕೋಣೆಯವಳ ಗಂಡ ಸದಾ ವಿದೇಶ, ಇನ್ನೊಂದು ಕೋಣೆಯವನ ಹೆಂಡತಿಗೂ ಮನೇಲಿರೋಕೆ ಪುರಸೊತ್ತಿಲ್ಲ. ಮನೇಲಿ ಉಳಿದ ಈ ಇಬ್ಬರಿಗೆ ನಿಧಾನಕ್ಕೆ ಗೊತ್ತಾಗುತ್ತೆ, ಇವಳ ಗಂಡ, ಅವನ ಹೆಂಡತಿ ಒಬ್ಬರಿಗೊಬ್ಬರು ಗಂಟುಬಿದ್ದಿದ್ದಾರೆ ಅಂತ. ಆ ಗಂಡನ ಮುಖ, ಆ ಹೆಂಡತಿಯ ಮುಖ ಸಿನಿಮಾ ಪೂರ್ತಿ ಒಮ್ಮೆಯೂ ತೋರಿಸೋದಿಲ್ಲ. ಬೆನ್ನು ಕಾಣುತ್ತೆ, ಧ್ವನಿ ಕೇಳುತ್ತೆ, ಅಷ್ಟೆ. ಊರಲ್ಲಿಲ್ಲದವರಿಗೆ ಚಿತ್ರದಲ್ಲೂ ಜಾಗ ಇಲ್ಲ.

— ನಿನಗೆ ಹಿಡಿಸಿದ್ದು ಯಾವುದು?

— ನೂಡಲ್ಸ್ ತರೋಕೆ ಹೋಗೋದು. ಮ್ಯಾಗಿ ಚೆಯುಂಗ್ ಕೈಯಲ್ಲಿ ಒಂದು ಡಬ್ಬಿ. ರಾತ್ರಿ ಇಕ್ಕಟ್ಟಾದ ಮೆಟ್ಟಿಲಿಳಿದು ಬೀದಿಬದಿ ಅಂಗಡಿಗೆ ಹೋಗಿ ಒಬ್ಬಳಿಗೆ ಸಾಕಾಗೋಷ್ಟು ಕಟ್ಟಿಸಿಕೊಂಡು ಬರ್ತಾಳೆ. ಅದೇ ಮೆಟ್ಟಿಲಲ್ಲಿ ಅವನು ಎದುರಾಗ್ತಾನೆ. ಗೋಡೆಗೆ ಅಂಟಿ ಒಬ್ಬರಿಗೊಬ್ಬರು ದಾರಿ ಬಿಡ್ತಾರೆ. ಪಿಟೀಲು, ನಿಧಾನದ ಚಲನೆ. ಇನ್ನೊಂದ್ಸಲ ಅದೇ ಮೆಟ್ಟಿಲು, ಅದೇ ಡಬ್ಬಿ, ಆದ್ರೆ ಉಡುಪು ಬೇರೆ. ಉಡುಪು ಬದಲಾದಾಗಲೇ ನಮಗೆ ಗೊತ್ತಾಗೋದು, ದಿನ ಉರುಳಿದೆ ಅಂತ. ನಮ್ಮನೆಯವರ ಜೊತೆ ನೋಡಿದ್ರೆ ಅದನ್ನ ಗಮನಿಸ್ತಿರಲಿಲ್ಲ. ಎರಡನೇ ಸಲ ಮೆಟ್ಟಿಲು ಬಂದ ಕೂಡ್ಲೇ "ಇದು ಆಗಲೇ ಆಯ್ತಲ್ಲ, ರಿಪೀಟಾ?" ಅಂತಿದ್ರು.

— ಪಾಪ, ಇಲ್ಲದವರ ಮೇಲೆ ದೂರು.

— ದೂರಲ್ಲ ಅಕ್ಕಾ, ಅವರು ಒಳ್ಳೆಯವರೇ. ಆದ್ರೆ ಇಬ್ಬರೂ ಕೂತು ಸಿನಿಮಾ ಆರಿಸೋದಿದೆಯಲ್ಲ, ಅದೊಂದು ಸಂಧಾನ. ನನಗೆ ಬೇಕಾದ್ದು ಅವರಿಗೆ ನಿದ್ದೆ ತರಿಸುತ್ತೆ, ಅವರ ಕಾರ್ ಚೇಸು ನನಗೆ ತಲೆನೋವು ತರಿಸುತ್ತೆ. ಕೊನೆಗೆ ಇಬ್ಬರಿಗೂ ಒಪ್ಪಿಗೆ ಅಂತ ಒಂದು ಮಲಯಾಳಂ ಥ್ರಿಲ್ಲರ್. ಸಕ್ಕರೆ ಕಾಯಿಲೆಯವರಿಗೂ ಇಲ್ಲದವರಿಗೂ ಸೇರಿಸಿ ಮಾಡಿದ ಪಾಯಸದ ಹಾಗೆ, ಯಾರೂ ಬೇಡ ಅನ್ನಲ್ಲ, ಯಾರೂ ಇನ್ನೊಂದು ಲೋಟ ಕೇಳಲ್ಲ. ವರ್ಷಗಟ್ಟಲೆ ಹೀಗೇ ನಡೆದು, ನನಗೆ ಯಾವ ಥರದ ಸಿನಿಮಾ ಇಷ್ಟ ಅಂತ ಯಾರಾದ್ರೂ ಕೇಳಿದ್ರೆ "ಮಲಯಾಳಂ ಥ್ರಿಲ್ಲರ್" ಅಂತ ನಾನೇ ಹೇಳೋ ಹಾಗಾಗಿತ್ತು.

— ಒಬ್ಬಳೇ ಕೂತಾಗ ಗೊತ್ತಾಯ್ತಾ ಯಾವುದು ಇಷ್ಟ ಅಂತ?

— ಮೊದಲ ರಾತ್ರಿ ಗೊತ್ತಾಗಲಿಲ್ಲ. ರಿಮೋಟು ಹಿಡಿದು ಪೋಸ್ಟರು ಸರಿಸಿದ್ದೇ ಸರಿಸಿದ್ದು. ಬೇಡ ಅನ್ನೋಕೆ ಪಕ್ಕದಲ್ಲಿ ಯಾರೂ ಇಲ್ಲ, ಹಾಗಾಗಿ ಬೇಕು ಅನ್ನೋದು ಯಾವುದಕ್ಕೆ ಅಂತಲೂ ತಿಳೀಲಿಲ್ಲ. ಕೊನೆಗೆ ಏನೂ ನೋಡದೆ ಮಲಗಿದೆ.

— ಆ ಪೋಸ್ಟರುಗಳನ್ನೂ ನಂಬಬೇಡ ಕಣೇ. ಒಂದೇ ಸಿನಿಮಾಕ್ಕೆ ನಿನಗೊಂದು ಚಿತ್ರ, ನಿನ್ನ ಗಂಡನಿಗೊಂದು ಚಿತ್ರ ತೋರಿಸ್ತಾರೆ. ನೀನು ಹಿಂದೆ ನೋಡಿದ್ದು ಪ್ರೇಮಕಥೆ ಆದ್ರೆ ನಾಯಕ ನಾಯಕಿ ಜೊತೆಗಿರೋದು, ಹಾಸ್ಯ ಆದ್ರೆ ಅದರಲ್ಲಿರೋ ಹಾಸ್ಯನಟನ ಮುಖ. ಇದನ್ನ ನೆಟ್‌ಫ್ಲಿಕ್ಸಿನವರೇ 2017ರಲ್ಲಿ ಬಿಡಿಸಿ ಬರೆದಿದ್ರು. ಅದೇ ವರ್ಷ ಅವರ ಆಗಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಇನ್ನೊಂದು ಮಾತು ಹೇಳಿದ್ರು. ನಮ್ಮ ಪೈಪೋಟಿ ಬೇರೆ ಕಂಪನಿಗಳ ಜೊತೆಗಲ್ಲ, ಜನರ ನಿದ್ದೆ ಜೊತೆಗೆ ಅಂತ. ನಿನ್ನ ಕೆಂಪು ಕಣ್ಣು ನೋಡಿದ್ರೆ ಯಾರು ಗೆದ್ದಿದ್ದಾರೆ ಅಂತ ಗೊತ್ತಾಗುತ್ತೆ. ಮನೇಲಿ ಒಬ್ಬರೇ ಇರೋರು, ಏಳಿ ಮಲಕ್ಕೊಳಿ ಅನ್ನೋರಿಲ್ಲದೋರು, ಅಂಥವರೇ ಅವರಿಗೆ ಬೇಕು. ನೀನು ಸ್ವಾತಂತ್ರ್ಯ ಅಂದ್ಕೊಂಡಿದ್ದು ಅವರ ಲೆಕ್ಕದ ಪುಸ್ತಕದಲ್ಲಿ ಇನ್ನೆರಡು ಗಂಟೆ.

— ಅದು ಸೀರೀಸಿಗೆ ಸರಿ. ಒಂದು ಕಂತು ಮುಗಿದು ಉಸಿರು ಬಿಡೋದ್ರೊಳಗೆ ಇನ್ನೊಂದು ಶುರುವಾಗಿರುತ್ತೆ. ಅದಕ್ಕೇ ನಾನು ಸೀರೀಸ್ ಮುಟ್ಟಲ್ಲ. ಇವರ ಜೊತೆ ಅರ್ಧ ನೋಡಿ ಬಿಟ್ಟದ್ದನ್ನಂತೂ ಮುಟ್ಟೋದೇ ಇಲ್ಲ, ಅದು ದಾಂಪತ್ಯದ್ರೋಹ. ಆದ್ರೆ ಸಿನಿಮಾಗೆ ಒಂದು ಕೊನೆ ಇದೆಯಲ್ಲ ಅಕ್ಕಾ. ನಿನ್ನೆಯದು ಬರೀ 98 ನಿಮಿಷ. ಸೆಟ್ಟಿಂಗಿನಲ್ಲಿ ತಾನಾಗೇ ಮುಂದಿನದು ಶುರುವಾಗೋದನ್ನೂ, ಪೋಸ್ಟರ್ ಮೇಲೆ ನಿಂತ್ರೆ ಟ್ರೇಲರ್ ಕಿರುಚೋದನ್ನೂ ನಿಲ್ಲಿಸಿಬಿಟ್ಟೆ. ಹೆಸರುಗಳ ಪಟ್ಟಿ ಮೂಲೆಗೆ ಕುಗ್ಗಿ ಹೋದ್ರೆ ಅದನ್ನ ಒತ್ತಿ ಮತ್ತೆ ದೊಡ್ಡದು ಮಾಡ್ಕೋತೀನಿ. ಪಟ್ಟಿ ಮುಗಿಯೋವರೆಗೆ ಏಳಲ್ಲ. ಮೊದಲೆಲ್ಲ ಆ ಹೊತ್ತಿಗೆ ನಾನು ಅಡುಗೆಮನೇಲಿ ಹಾಲಿಗೆ ಹೆಪ್ಪು ಹಾಕ್ತಾ ಇರ್ತಿದ್ದೆ.

— ಶಭಾಷ್. ಅಷ್ಟು ಮಾಡಿದವಳು ಇನ್ನೊಂದನ್ನೂ ಮಾಡು. ಹೋದ ತಿಂಗಳು ನಿಮ್ಮನೆ ಟಿವಿಯಲ್ಲಿ ಯಾವುದೋ ಹಳೇ ಸಿನಿಮಾ ನೋಡಿದೆನಲ್ಲ, ಎಲ್ಲಾ ಸಂಜೆ ಸೀರಿಯಲ್ ಥರ ಜಾರ್ತಾ ಇತ್ತು. ಸಿನಿಮಾ ಅಂದ್ರೆ ಸೆಕೆಂಡಿಗೆ 24 ಚಿತ್ರ. ಮಾತಿನ ಚಿತ್ರ ಬಂದ ಕಾಲದಿಂದ ಅದೇ ಲೆಕ್ಕ. ಈಗಿನ ಟಿವಿ ಎರಡು ಚಿತ್ರಗಳ ನಡುವೆ ತಾನೇ ಒಂದು ಹೊಸ ಚಿತ್ರ ಹುಟ್ಟಿಸಿ ತುರುಕುತ್ತೆ, ಚಲನೆ ನುಣ್ಣಗೆ ಕಾಣಲಿ ಅಂತ. ಕ್ಯಾಮರಾದವನು ಕಷ್ಟಪಟ್ಟು ಕಟ್ಟಿದ ನೆರಳು ಬೆಳಕೆಲ್ಲ ವಿಡಿಯೋ ಶೂಟಿಂಗ್ ಆಗಿಬಿಡುತ್ತೆ. ಈ ನುಣುಪನ್ನ ದಯವಿಟ್ಟು ಆಫ್ ಮಾಡಿ ಅಂತ 2018ರಲ್ಲಿ ಟಾಮ್ ಕ್ರೂಸ್ ವಿಡಿಯೋ ಮಾಡಿ ಬೇಡಿಕೊಂಡ. ಮರುವರ್ಷ ಟಿವಿ ಕಂಪನಿಗಳೂ ಸ್ಟುಡಿಯೋಗಳೂ ಸೇರಿ 'ಫಿಲ್ಮ್‌ಮೇಕರ್ ಮೋಡ್' ಅಂತ, ಅದನ್ನ ನಿಲ್ಲಿಸೋ ಒಂದು ಏರ್ಪಾಡು ಘೋಷಿಸಿದ್ರು.

— ಆ ನುಣುಪನ್ನ ಹಾಕಿಟ್ಟಿದ್ದೇ ಇವರು! ಕ್ರಿಕೆಟ್ಟಿಗೆ ಚೆಂಡು ಚೆನ್ನಾಗಿ ಕಾಣುತ್ತೆ ಅಂತ. ಇವತ್ತು ರಾತ್ರಿನೇ ತೆಗೀತೀನಿ. ಬರೋದ್ರೊಳಗೆ ಮತ್ತೆ ಹಾಕಿಟ್ಟರಾಯ್ತು.

— ಯಾಕೆ ಮತ್ತೆ ಹಾಕ್ತೀಯಾ? ಕ್ರಿಕೆಟ್ ಬಂದಾಗ ಅವರೇ ಹಾಕ್ಕೊಳ್ಲಿ.

— ಅದೂ ಸರಿ. ಸೌಂಡಿನದೂ ಅದೇ ಗೋಳಿತ್ತು. ಮಾತು ಪಿಸುಗುಟ್ಟುತ್ತೆ, ಕೇಳಲ್ಲ ಅಂತ ಜೋರು ಮಾಡಿದ್ರೆ ಮರುಕ್ಷಣ ಬಾಂಬು ಸಿಡಿದು ಪಕ್ಕದ ಮನೆ ಮಗು ಎದ್ದು ಅಳುತ್ತೆ. ಥಿಯೇಟರಿನ ಐದಾರು ಸ್ಪೀಕರಿಗೆ ಅಂತ ಕೂಡಿಸಿದ ಶಬ್ದವನ್ನ ಟಿವಿ ತನ್ನ ಎರಡು ಸಣ್ಣ ಸ್ಪೀಕರಿಗೆ ಇಳಿಸುತ್ತೆ, ನಡುವಿನ ಸ್ಪೀಕರಿನಲ್ಲಿರೋ ಮಾತು ಮಿಕ್ಕಿದ್ದರ ಜೊತೆ ಬೆರೆತು ಹೋಗುತ್ತೆ. ನೈಟ್ ಮೋಡ್ ಹಾಕಿದ ಮೇಲೆ ಸರಿಯಾಯ್ತು. ಇನ್ನೊಂದು ವಿಷಯ ಗಮನಿಸಿದೆ. ಒಂಬತ್ತಕ್ಕೆ ಹಚ್ಚಿದ್ರೆ ಕತ್ತಲೆಯ ದೃಶ್ಯಗಳಲ್ಲಿ ಗೋಡೆಯೆಲ್ಲ ಚೌಕ ಚೌಕ. ಹನ್ನೊಂದಕ್ಕೆ ಹಚ್ಚಿದ್ರೆ ಕನ್ನಡಿ.

— ಅದ್ಯಾಕೆ?

— ಸಿನಿಮಾವನ್ನ ಕೆಲವೇ ಸೆಕೆಂಡುಗಳ ತುಂಡು ಮಾಡಿ, ಒಂದೊಂದು ತುಂಡನ್ನೂ ಹಲವು ಗುಣಮಟ್ಟದಲ್ಲಿ ಇಟ್ಟಿರ್ತಾರೆ. ನೆಟ್ಟಿನ ವೇಗ ಎಷ್ಟಿದೆ ಅಂತ ಟಿವಿ ಆಗಾಗ ಅಳೆದು ಮುಂದಿನ ತುಂಡು ಯಾವುದು ತರಬೇಕು ಅಂತ ತಾನೇ ಆರಿಸುತ್ತೆ. ಒಳ್ಳೆ ಎಚ್‌ಡಿಗೆ 5 ಎಂಬಿಪಿಎಸ್, ಫೋರ್‌ಕೆಗೆ 15 ಬೇಕು ಅಂತಾರೆ. ಒಂಬತ್ತಕ್ಕೆ ಇಡೀ ಬಡಾವಣೆ ನೋಡ್ತಾ ಇರುತ್ತೆ, ವೇಗ ಹಂಚಿಹೋಗುತ್ತೆ. ಹನ್ನೊಂದಾದ ಮೇಲೆ ಎಲ್ಲ ಮಲಗ್ತಾರೆ. ಸೆಕೆಂಡ್ ಶೋಗೆ ಬರೋರಿಗೆ ಮಾತ್ರ ಪೂರ್ತಿ ಬೆಳಕು.

— ಈ 'ಸೆಕೆಂಡ್ ಶೋ' ಅನ್ನೋದನ್ನ ನಾನು ತಮಾಷೆಗೆ ಅಂದದ್ದು. ನೀನು ಗಟ್ಟಿ ಹಿಡ್ಕೊಂಡುಬಿಟ್ಟೆ. ನಿನಗೆ ಗೊತ್ತಾ, ನನ್ನ ಜನ್ಮದಲ್ಲಿ ನಾನು ಒಬ್ಬಳೇ ಒಂದು ಸೆಕೆಂಡ್ ಶೋಗೆ ಹೋಗಿಲ್ಲ.

— ಇಷ್ಟೆಲ್ಲ ಸಿನಿಮಾ ನೋಡಿದ ನೀವಾ?

— ನಾನೇ. ನಮ್ಮೂರಿನ ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ. ಹೆಂಗಸರಿಗೆ ಒಂದು ಪಕ್ಕ, ನಡುವೆ ತಟ್ಟಿ ಕಟ್ಟಿದ್ದು. ಸಾಯಂಕಾಲ ಮೈಕಿನಲ್ಲಿ ಘಂಟಸಾಲ ಅವರ ಭಕ್ತಿಗೀತೆ ಬಂತು ಅಂದ್ರೆ ಟಿಕೆಟ್ ಕೊಡೋಕೆ ಶುರು ಅಂತ. ಅಮ್ಮ, ಅತ್ತೆ, ಪಕ್ಕದ ಮನೆಯವರು, ಮಕ್ಕಳು ಮರಿ ಎಲ್ಲ ಗುಂಪು ಕಟ್ಟಿಕೊಂಡು ಫಸ್ಟ್ ಶೋಗೆ. ನೆಲದ ಮೇಲೆ ಮರಳು ಗುಡ್ಡೆ ಮಾಡಿಕೊಂಡು ಕೂರೋದು. ಪ್ರೊಜೆಕ್ಟರ್ ಒಂದೇ, ಹಾಗಾಗಿ ರೀಲು ಬದಲಿಸೋವಾಗಲೆಲ್ಲ ಇಂಟರ್ವಲ್ಲು. ಆಟ ನಡೆಯೋವಷ್ಟು ಹೊತ್ತೂ ಅಮ್ಮನ ಕಿವಿ ಪರದೆ ಕಡೆಗಿರ್ತಿರಲಿಲ್ಲ. ಮಗು ಅತ್ತಿತಾ, ಯಾರು ಎಲ್ಲಿ ಹೋದ್ರು, ಮನೇಲಿ ಹಸು ಕಟ್ಟಿದ್ವಾ. ಸೆಕೆಂಡ್ ಶೋ ಗಂಡಸರದು. ಊಟ ಮಾಡಿ, ಟವೆಲ್ ಹೆಗಲಿಗೆ ಹಾಕಿ, ಒಬ್ಬೊಬ್ಬರೇ ಎದ್ದು ಹೋಗ್ತಿದ್ರು. ಮಧ್ಯರಾತ್ರಿ ಬಂದು ಬಾಗಿಲು ತಟ್ಟಿದ್ರೆ ಹೆಂಗಸರು ಎದ್ದು ತೆಗೀತಿದ್ರು. ಯಾಕೆ ಹೋದಿರಿ, ಯಾರ ಜೊತೆ ಹೋದಿರಿ ಅಂತ ಯಾರೂ ಕೇಳ್ತಿರಲಿಲ್ಲ.

— ಮೈಸೂರಿಗೆ ಬಂದ ಮೇಲೆ?

— ಇಲ್ಲೂ ಅಷ್ಟೇ. ಶಾಂತಲಾದಲ್ಲಿ ಎಷ್ಟು ಸಿನಿಮಾ ನೋಡಿದೀನೋ ಲೆಕ್ಕವಿಲ್ಲ. ಮ್ಯಾಟಿನಿಗೆ ಗೆಳತಿಯರ ಜೊತೆ, ಫಸ್ಟ್ ಶೋಗೆ ಮನೆಯವರ ಜೊತೆ. ರಾತ್ರಿ ಹತ್ತರ ಆಟಕ್ಕೆ ಒಬ್ಬಳೇ ಟಿಕೆಟ್ ಕೌಂಟರಿನಲ್ಲಿ ನಿಂತ್ರೆ ಊರೇ ತಿರುಗಿ ನೋಡ್ತಿತ್ತು. 2020ರಲ್ಲಿ ಶಾಂತಲಾನೂ ಬಾಗಿಲು ಹಾಕ್ತು. ಹೋಗಬಹುದಾದ ಕಾಲ ಬರೋ ಹೊತ್ತಿಗೆ ಥಿಯೇಟರೇ ಇಲ್ಲ.

— ಹಾಗಾದ್ರೆ ನನಗೆ ನಿನ್ನೆ ಯಾಕೆ ಅಷ್ಟು ಖುಷಿಯಾಯ್ತು ಅಂತ ಈಗ ಗೊತ್ತಾಯ್ತು ಅಕ್ಕಾ. ಅದು ಇವರಿಂದ ಬಿಡುಗಡೆ ಸಿಕ್ಕ ಖುಷಿಯಲ್ಲ. ನಮ್ಮಮ್ಮನಿಗೆ, ನಿಮಗೆ ಸಿಗದೇ ಇದ್ದ ಆಟದ ಟಿಕೆಟ್ಟು ನನಗೆ ಸಿಕ್ಕಿದೆ. ರಾತ್ರಿ, ಒಬ್ಬಳೇ, ಪೂರ್ತಿ ಗಮನ ಕೊಟ್ಟು, ಯಾರಿಗೂ ಲೆಕ್ಕ ಒಪ್ಪಿಸದೆ.

— ಚಿಲಕ ಹಾಕಿಕೊಂಡು!

— ಹೌದು, ಚಿಲಕ ಹಾಕಿಕೊಂಡೇ. ಅದು ಪೂರ್ತಿ ಸೆಕೆಂಡ್ ಶೋ ಅಲ್ಲ, ಒಪ್ತೀನಿ. ಗಂಡಸರಿಗೆ ವಾಪಸ್ ಬರೋ ದಾರಿಯ ಕತ್ತಲೂ ಸಿಕ್ಕಿತ್ತು, ಟೀ ಅಂಗಡಿಯೂ ಸಿಕ್ಕಿತ್ತು.

— ಥಿಯೇಟರಿನಲ್ಲಿ ಸಾವಿರ ಜನ ಒಟ್ಟಿಗೆ ನಗ್ತಿದ್ರು ಕಣೇ, ಅದನ್ನ ಮರೀಬೇಡ. ಒಬ್ಬಳೇ ಕೂತು ನಗು ಬಂದ್ರೆ ನಗ್ತೀಯಾ?

— ನಗ್ತೀನಿ. ಮೊದಲು ನನ್ನ ನಗು ಕೇಳಿ ನನಗೇ ಗಾಬರಿಯಾಯ್ತು. ಅಳೋದು ಇನ್ನೂ ಸಲೀಸು. ಇವರಿದ್ರೆ "ಅಳ್ತಿದ್ಯಾ?" ಅಂತ ಮುಖಕ್ಕೇ ಮುಖ ತರ್ತಾರೆ, ಅಳು ಅಲ್ಲಿಗೇ ನಿಂತುಹೋಗುತ್ತೆ. ಆದ್ರೆ ಹಾಸ್ಯಕ್ಕೆ ಜನ ಬೇಕು, ಅದು ನಿಜ. ಒಬ್ಬಳೇ ನೋಡೋಕೆ ಅಂತ ಕೆಲವಿವೆ, ಜೊತೇಲೇ ನೋಡಬೇಕಾದ್ದು ಕೆಲವಿವೆ.

— 'ದ ಗ್ರೇಟ್ ಇಂಡಿಯನ್ ಕಿಚನ್' ಯಾವುದಕ್ಕೆ ಸೇರುತ್ತೆ?

— ಅದನ್ನ ಗಂಡನ ಪಕ್ಕ ಕೂತೇ ನೋಡಬೇಕು! ಒಬ್ಬಳೇ ನೋಡಿ ಏನು ಪ್ರಯೋಜನ? ಸಿಂಕಿನ ಕೆಳಗೆ ಕೊಳಕು ನೀರು ತೊಟ್ಟಿಕ್ಕುತ್ತೆ, ಪ್ಲಂಬರನ್ನ ಕರೀರಿ ಅಂತ ಹೆಂಡತಿ ದಿನಾ ಹೇಳ್ತಾಳೆ, ಗಂಡ ದಿನಾ ಮರೀತಾನೆ. ಆ ದೃಶ್ಯ ಬಂದಾಗ ಇವರು ಸೋಫಾದಲ್ಲಿ ಕೊಂಚ ಸರಿದು ಕೂತ್ರು. ಮರುದಿನ ನಮ್ಮನೆ ಬಚ್ಚಲಿನ ನಲ್ಲಿ ರಿಪೇರಿಯಾಯ್ತು.

— ಆ ಸಿನಿಮಾವನ್ನ ದೊಡ್ಡ ಕಂಪನಿಗಳು ಮೊದಲು ಬೇಡ ಅಂದಿದ್ವು, ಗೊತ್ತಾ? 2021ರ ಜನವರಿಯಲ್ಲಿ ನೀಸ್ಟ್ರೀಮ್ ಅನ್ನೋ ಕೇರಳದ ಸಣ್ಣ ತಾಣದಲ್ಲಿ ಬಂತು. ಜನ ಮಾತಾಡೋಕೆ ಶುರು ಮಾಡಿದ ಮೇಲೆ ದೊಡ್ಡವರೂ ತಗೊಂಡ್ರು. ನಮ್ಮ ಕನ್ನಡದ್ದೂ ಅದೇ ಪಾಡು. 2020ರಲ್ಲಿ ಥಿಯೇಟರುಗಳು ಮುಚ್ಚಿದ್ದಾಗ ಪುನೀತ್ ರಾಜ್‌ಕುಮಾರ್ ಸಂಸ್ಥೆಯ 'ಲಾ', 'ಫ್ರೆಂಚ್ ಬಿರಿಯಾನಿ' ನೇರವಾಗಿ ಪ್ರೈಮಿಗೆ ಬಂದಾಗ ಇನ್ನೇನು ಕನ್ನಡಕ್ಕೂ ಬಾಗಿಲು ತೆರೀತು ಅಂದ್ಕೊಂಡ್ವಿ. 2024ಕ್ಕೆ ರಕ್ಷಿತ್ ಶೆಟ್ಟಿ ಸಂಸ್ಥೆಯವರು 'ಏಕಂ' ಅನ್ನೋ ಸೀರೀಸನ್ನ ಕೊಳ್ಳೋರಿಲ್ಲದೆ ತಾವೇ ಒಂದು ತಾಣ ಮಾಡಿ ಬಿಡುಗಡೆ ಮಾಡಬೇಕಾಯ್ತು.

— ಹಳೇ ಕನ್ನಡ ಸಿನಿಮಾ ಹುಡುಕೋದು ಇನ್ನೂ ಕಷ್ಟ ಅಕ್ಕಾ. ದುಡ್ಡು ಕೊಟ್ಟು ತಗೊಂಡ ತಾಣಗಳಲ್ಲಿ ಇಲ್ಲ, ಯೂಟ್ಯೂಬಿನಲ್ಲಿ ಹುಡುಕಬೇಕು. ಅಲ್ಲಿ ಸಿಕ್ಕಿದ್ದು ಮಸುಕು, ಮೂಲೆಯಲ್ಲಿ ಯಾರದೋ ಕಂಪನಿ ಮುದ್ರೆ, ನಡುವೆ ಜಾಹೀರಾತು. ಹೋದ ತಿಂಗಳು ಇದ್ದದ್ದು ಈ ತಿಂಗಳು ಇರಲ್ಲ, ಹಕ್ಕು ಮುಗೀತು ಅಂತ ತೆಗೆದಿರ್ತಾರೆ.

— ಆದ್ರೂ ಹುಡುಕಿ ನೋಡು. 'ಘಟಶ್ರಾದ್ಧ' ನೋಡು, ಗಿರೀಶ್ ಕಾಸರವಳ್ಳಿ 1977ರಲ್ಲಿ ಮಾಡಿದ್ದು. ಅದನ್ನ ಹೊಸದಾಗಿ ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದ್ರು. ಪ್ರೇಮಾ ಕಾರಂತರ 'ಫಣಿಯಮ್ಮ' ನೋಡು, ಎಂ.ಕೆ. ಇಂದಿರಾ ಕಾದಂಬರಿ. ಧೈರ್ಯ ಇದ್ರೆ ಬೆಲ್ಜಿಯಂನ ಶಾಂತಾಲ್ ಅಕರ್‌ಮನ್ 1975ರಲ್ಲಿ ಮಾಡಿದ 'ಜಾನ್ ದೀಲ್ಮನ್' ಹಚ್ಚು. 201 ನಿಮಿಷ. ಒಬ್ಬ ವಿಧವೆ, ಅವಳ ಮನೆ, ಮೂರು ದಿನ. ಆಲೂಗಡ್ಡೆ ಸುಲಿಯೋದನ್ನ ಸುಲಿದು ಮುಗಿಯೋವರೆಗೂ ತೋರಿಸ್ತಾಳೆ. 2022ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಜಗತ್ತಿನ ವಿಮರ್ಶಕರನ್ನ ಕೇಳಿದಾಗ ಅದಕ್ಕೇ ಮೊದಲ ಸ್ಥಾನ.

— ನೀವು ನೋಡಿದ್ರಾ?

— ಅವಳ ಒಂದೊಂದು ದಿನವನ್ನ ನಾನು ಒಂದೊಂದು ಸಂಜೆ ನೋಡಿದೆ. ನಮ್ಮನೆಯವರು ಐದು ನಿಮಿಷ ನಿಂತು ನೋಡಿ, "ಆಲೂಗಡ್ಡೆ ಸುಲಿಯೋದು ನೋಡೋಕೆ ಚಂದಾ ಯಾಕೆ ಕಟ್ಟಬೇಕು, ಅಡುಗೆಮನೆಗೆ ಹೋದ್ರೆ ಪುಕ್ಕಟೆ" ಅಂದ್ರು. ನಾನಂದೆ, "ನೀವು ಅಡುಗೆಮನೆಗೆ ಬಂದು ಯಾವತ್ತು ನೋಡಿದೀರಿ?" ಅಂತ. ಅಲ್ಲಿಂದಾಚೆ ಆ ಸಿನಿಮಾ ಹಾಕಿದ್ರೆ ವಾಕಿಂಗ್ ಹೊರಡ್ತಿದ್ರು.

— ಅಂದ್ರೆ ನಿಮ್ಮವರು ಮನೇಲಿದ್ದಾಗಲೇ ನೀವು ಒಬ್ಬರೇ ನೋಡಿದ್ರಿ!

— ಹೂಂ. ಅದನ್ನೇ ಕೇಳೋಣ ಅಂತಿದ್ದೆ. ನಿನಗೆ ಸೆಕೆಂಡ್ ಶೋ ಬೇಕು ಅಂದ್ರೆ ಅವರು ಪುಣೆಗೇ ಹೋಗಬೇಕಾ?

— ಅವರು ಬೇಡ ಅನ್ನಲ್ಲ ಅಕ್ಕಾ. ಅವರು ಪಕ್ಕದ ಕೋಣೇಲಿದ್ರೂ ನನ್ನ ಅರ್ಧ ಕಿವಿ ಅಲ್ಲೇ ಇರುತ್ತೆ. ಕೆಮ್ಮಿದ್ರಾ, ನೀರು ಬೇಕಾ, ಬೆಳಕು ಕಣ್ಣಿಗೆ ಹೊಡೀತಿದ್ಯಾ.

— ಟೆಂಟಿನಲ್ಲಿ ನಮ್ಮಮ್ಮನ ಕಿವಿ ಇದ್ದ ಹಾಗೆ ಅನ್ನು. ಅವರು ನಿನ್ನನ್ನ ಕಾವಲು ಕಾಯ್ತಿಲ್ಲ, ನೀನೇ ಕಾವಲು ಕೂತಿದೀಯಾ.

— ಹೌದು. ಈ ಅಭ್ಯಾಸ ಬಿಡೋಕೆ ಅವರು ಊರು ಬಿಡಬೇಕಾಯ್ತು.

— ಬಿಟ್ಟಿತಾ?

— ಪೂರ್ತಿ ಬಿಟ್ಟಿಲ್ಲ. ಒಂದು ಮಾತು ಹೇಳಲಾ? ಸಿನಿಮಾ ಮುಗಿದ ಮೇಲೆ ಯಾರಿಗಾದ್ರೂ ಹೇಳಬೇಕು ಅನ್ನಿಸ್ತು. ಒಂದು ಗಂಟೆ ರಾತ್ರಿ, ಫೋನ್ ಮಾಡೋ ಹಾಗಿಲ್ಲ. ನೋಡೋವಾಗ ಬೇಡವಾಗಿದ್ದ ಮನುಷ್ಯ ಮುಗಿದ ಕೂಡ್ಲೇ ಬೇಕು ಅನ್ನಿಸಿದ.

— ಅದಕ್ಕೆ ನೀನು ನಾಚಿಕೊಳ್ಳಬೇಕಿಲ್ಲ. ನಮ್ಮಲ್ಲಿ ಸಿನಿಮಾ ಬದುಕಿದ್ದೇ ಹಾಗೆ. ಆಗ ಥಿಯೇಟರ್ ಮುಂದೆ ಹಾಡಿನ ಪುಸ್ತಕ ಮಾರ್ತಿದ್ರು, ಅದರಲ್ಲಿ ಮುಕ್ಕಾಲು ಕಥೆ ಹೇಳಿ, ಮಿಕ್ಕಿದ್ದನ್ನ ಬೆಳ್ಳಿತೆರೆ ಮೇಲೆ ನೋಡಿ ಅಂತ ನಿಲ್ಲಿಸ್ತಿದ್ರು. ಆಕಾಶವಾಣಿಯವರು ಸಂಭಾಷಣೆ ಹಾಡು ಸೇರಿಸಿ ಸಿನಿಮಾದ ಧ್ವನಿಯನ್ನೇ ಪ್ರಸಾರ ಮಾಡ್ತಿದ್ರು, ಕಣ್ಣು ಮುಚ್ಚಿಕೊಂಡು ನೋಡ್ತಿದ್ವಿ. ಎಲ್ಲಕ್ಕಿಂತ ಮಿಗಿಲು, ನೋಡಿ ಬಂದವರ ಬಾಯಿ. ನಮ್ಮತ್ತೆ ತಾಲ್ಲೂಕಿಗೆ ಹೋಗಿ 'ಶರಪಂಜರ' ನೋಡಿ ಬಂದ್ರು. ಮರುದಿನ ಪಾತ್ರೆ ಬೆಳಗ್ತಾ ಕಲ್ಲಿನ ಮೇಲೆ ಕೂತು ಹೇಳಿದ್ರು, ಸುತ್ತ ಐದಾರು ಹೆಂಗಸರು. ಬೂದಿ ಹಚ್ಚಿದ ಕೈ ಹಾಗೇ ನಿಂತಿದೆ, ಕಲ್ಪನಾ ಹೇಗೆ ತಲೆಯೆತ್ತಿ ನೋಡಿದಳು ಅಂತ ತಾವೇ ಮಾಡಿ ತೋರಿಸ್ತಿದ್ದಾರೆ. ಕೊನೇಲಿ ಕಲ್ಪನಾಳ ಪಾತ್ರ, ಕಾವೇರಿ, ಗಂಡನನ್ನ ಎದುರಿಗೆ ನಿಲ್ಲಿಸಿ, "ನಾನು ಆಸ್ಪತ್ರೆಯಲ್ಲಿದ್ದಾಗ ನೀವು ಎಲ್ಲಿದ್ರಿ, ಯಾರ ಜೊತೆಗಿದ್ರಿ, ಮೊದಲು ಅದು ಹೇಳಿ" ಅಂತ ದಬಾಯಿಸ್ತಾಳೆ. ನಾವೆಲ್ಲ ಉಸಿರು ಬಿಗಿ ಹಿಡಿದು ಕೇಳಿದ್ವಿ.

— ಸಿನಿಮಾದಲ್ಲಿ ಹಾಗಿದ್ಯಾ?

— ಎಲ್ಲಿದೆ! ಎಷ್ಟೋ ವರ್ಷ ಆದ ಮೇಲೆ ನಾನೇ ನೋಡಿದಾಗ ಹುಡುಕಿದ್ದೇ ಹುಡುಕಿದ್ದು. ಗಂಡನಿಗೆ ಇನ್ನೊಬ್ಬಳ ಸಂಗ ಇದೆ ಅಂತ ತಿಳಿದು ಕಾವೇರಿ ಕುಸೀತಾಳೆ, ಮತ್ತೆ ಆಸ್ಪತ್ರೆಗೇ ಹೋಗ್ತಾಳೆ. ಆ ದಬಾವಣೆ ಕಾದಂಬರಿ ಬರೆದ ತ್ರಿವೇಣಿಯದೂ ಅಲ್ಲ, ನಿರ್ದೇಶಕ ಪುಟ್ಟಣ್ಣನದೂ ಅಲ್ಲ, ನಮ್ಮತ್ತೆಯದು. ಅವರ ಜೀವನದಲ್ಲಿ ಅವರು ಯಾರನ್ನೂ ಏನೂ ಕೇಳಿದವರಲ್ಲ. ನನಗೆ ಈಗಲೂ 'ಶರಪಂಜರ' ಅಂದ್ರೆ ಅತ್ತೆ ಹೇಳಿದ್ದೇ ನೆನಪಿಗೆ ಬರೋದು.

— ಹಾಗಾದ್ರೆ ಒಬ್ಬರೇ ನೋಡಬೇಕು, ಆದ್ರೆ ಒಬ್ಬರೇ ಇಟ್ಕೋಬಾರದು.

— ಅಷ್ಟು ದೊಡ್ಡ ಮಾತಾಗಿ ಮಾಡಬೇಡ. ಅವರು ವಾಪಸ್ ಬಂದ ಮೇಲೆ ಏನು ಮಾಡ್ತೀಯಾ, ಅದು ಹೇಳು.

— ವಾರಕ್ಕೆ ಒಂದು ರಾತ್ರಿ ನನ್ನದು ಅಂತ ಹೇಳ್ತೀನಿ. ಶುಕ್ರವಾರ. ಹಾಲ್, ಟಿವಿ, ರಿಮೋಟು ನನ್ನ ವಶ. ಅವರಿಗೆ ಕೋಣೇಲಿ ಲ್ಯಾಪ್‌ಟಾಪಿದೆ, ಹೆಡ್‌ಫೋನಿದೆ, ಬೇಕಾದಷ್ಟು ಕಾರು ಚೇಸ್ ಮಾಡಿಸಲಿ. ನೀರಿನ ಬಾಟಲಿ ಮೊದಲೇ ತಗೊಂಡು ಹೋಗಬೇಕು. ಬೆಳಗ್ಗೆ ಕಾಫಿಗೆ ಇಬ್ಬರೂ ತಮ್ಮ ತಮ್ಮ ಸಿನಿಮಾದ ಕಥೆ ಹೇಳಬೇಕು. ಹೊಸ ದೃಶ್ಯ ಸೇರಿಸೋಕೆ ಅಡ್ಡಿಯಿಲ್ಲ.

— ಒಪ್ತಾರಾ?

— ಮೊದಲ ವಾರ ಮುಖ ಸಣ್ಣ ಮಾಡ್ಕೋತಾರೆ. ಎರಡನೇ ವಾರ ಅವರಿಗೂ ಗೊತ್ತಾಗುತ್ತೆ, ಇಷ್ಟು ದಿನ ಅವರೂ ಸಕ್ಕರೆಯಿಲ್ಲದ ಪಾಯಸವೇ ಕುಡೀತಿದ್ದದ್ದು ಅಂತ.

— ಒಳ್ಳೆ ಏರ್ಪಾಡು. ಹಾಗಾದ್ರೆ ಶುಕ್ರವಾರ ನಾನೂ ಬರ್ತೀನಿ. ಇಬ್ಬರೂ ಕೂತು 'ಚಾರುಲತಾ' ನೋಡೋಣ, ಎಲ್ಲೆಲ್ಲಿ ಏನೇನು ಗಮನಿಸಬೇಕು ಅಂತ ನಾನು ಹೇಳ್ತಾ ಹೋಗ್ತೀನಿ.

— ಬೇಡ ಅಕ್ಕಾ. ನೀವು ಶನಿವಾರ ಬನ್ನಿ, ನಾನು ಹೇಳ್ತೀನಿ.